ಹನ್ನೆರಡು ಬಗೆ ಅಡುಗೆ, ಒಂದು ತುಂಡು ಮಾಂಸವಿಲ್ಲ

ವಿಜಯನಗರ

ಜನ ವಿದೇಶಕ್ಕೆ ಹಿಮ ನೋಡಲು ಹೋಗುತ್ತಾರೆ, ಕೋಟೆ ನೋಡಲು ಹೋಗುತ್ತಾರೆ, ಏನನ್ನೂ ನೋಡದೆ ಬರೀ ಫೋಟೊ ಹಾಕಲು ಹೋಗುತ್ತಾರೆ. ನಾವು ಗಂಡ ಹೆಂಡತಿ ಪೋಲೆಂಡಿಗೆ ಹೋಗಿದ್ದು ಒಂದು ಮದುವೆ ತಪ್ಪಿಸಲು.

ಮದುವೆಯ ಹೆಣ್ಣು ನಮ್ಮನೆಯವರ ಅಕ್ಕ ಶಾರದಕ್ಕ. ವಯಸ್ಸು ಐವತ್ತೇಳು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದವರು. ಗಂಡ ತೀರಿಕೊಂಡು ಹತ್ತು ವರ್ಷದ ಮೇಲಾಯಿತು, ಮಕ್ಕಳಿಲ್ಲ. ಜ್ಞಾನಭಾರತಿ ಹತ್ತಿರದ ಅವರ ಮನೆಯ ಮೇಲ್ಮಹಡಿಗೆ ಮಾರೆಕ್ ಎಂಬ ಪೋಲೆಂಡಿನವರು ಬಾಡಿಗೆಗೆ ಬಂದರು. ಅಣಬೆಗಳ ಮೇಲೆ ಸಂಶೋಧನೆ ಮಾಡುವವರು. ಅವರಿಗೂ ಅರವತ್ತರ ಹತ್ತಿರ, ಅವರ ಹೆಂಡತಿಯೂ ತೀರಿಕೊಂಡಿದ್ದರು. ಮಳೆ ಬಿದ್ದ ಮರುದಿನ ಇಬ್ಬರೂ ಅಲ್ಲಿನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ಮರಗಳ ಬುಡದಲ್ಲಿ ಬಗ್ಗಿಕೊಂಡು ಅಣಬೆ ಹುಡುಕುತ್ತಿದ್ದರು. ಅಣಬೆಗಳು ಎಷ್ಟು ಸಿಕ್ಕವೋ ಗೊತ್ತಿಲ್ಲ. ಮಾರೆಕ್ ತಮ್ಮ ಊರಿಗೆ ವಾಪಸಾದ ಮೇಲೂ ದಿನಾ ಸಂಜೆ ಫೋನು ಬರುತ್ತಿತ್ತು. ಕೊನೆಗೆ ಶಾರದಕ್ಕ, ಊರು ನೋಡಿಕೊಂಡು ಬರುತ್ತೇನೆಂದು ಹೊರಟವರು, ಅಲ್ಲಿಂದಲೇ ಫೋನು ಮಾಡಿ, "ಇಲ್ಲೇ ಇರೋಣ ಅಂತಿದೀನಿ ಕಣೋ ನಾಗ," ಎಂದರು.

ನಾಗ ಎಂದರೆ ನಮ್ಮನೆಯವರು. ನಲ್ಲಿ, ಶವರ್, ಕಮೋಡು ಮಾರುವ ಅಂಗಡಿ ಅವರದು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಮೂರಂತಸ್ತಿನ ಬಾಡಿಗೆ ಮನೆಗಳಿವೆ. ಊರೇ ಮಾಯವಾಗಿದ್ದರೂ ಊರ ಗೌಡರೆಂಬ ಬಿಂಕ ಮಾತ್ರ ಹಾಗೇ ಉಳಿದಿದೆ. ಫೋನು ಕೆಳಗಿಟ್ಟವರೇ, "ಜನ ಏನಂತಾರೆ?" ಎಂದರು. ಯಾವ ಜನ ಎಂದು ನಾನು ಕೇಳಲಿಲ್ಲ. ಬಾಡಿಗೆದಾರರಲ್ಲಿ ಅರ್ಧ ಜನ ಹುಬ್ಬಳ್ಳಿ, ಕಲಬುರಗಿ ಕಡೆಯವರು. ಅವರಿಗೆ ಶಾರದಕ್ಕ ಯಾರೆಂದೇ ಗೊತ್ತಿಲ್ಲ.

ನಮ್ಮತ್ತೆ ತೀರ್ಪು ಕೊಟ್ಟರು. "ನೀನೇ ಹೋಗಿ ನೋಡ್ಕೊಂಡು ಬಾ. ಮದ್ವೆ ಗಿದ್ವೆ ಅಂದ್ಲೋ, ಕಿವಿ ಹಿಂಡಿ ಕರ್ಕೊಂಡು ಬಾ."

"ಅವಳು ನಂಗಿಂತ ದೊಡ್ಡವಳಮ್ಮ. ಕಿವಿ ಹೆಂಗೆ ಹಿಂಡ್ಲಿ?"

"ಹಂಗಾರೆ ಮಂಜೂನ ಕರ್ಕೊಂಡು ಹೋಗು."

ಹೀಗೆ ಮಂಜುಳಾ ಎಂಬ ನಾನು, ಕಿವಿ ಹಿಂಡುವ ಕೆಲಸದ ಮೇಲೆ, ಜೀವನದಲ್ಲಿ ಮೊದಲ ಬಾರಿಗೆ ವಿಮಾನ ಹತ್ತಿದೆ. ಶಾರದಕ್ಕನಿಗೆ ನಾವು ಬರುತ್ತೇವೆಂದು ಮಾತ್ರ ತಿಳಿಸಿದ್ದೆವು. ಅವರು ಖುಷಿಯಿಂದ, ಕ್ರಿಸ್‌ಮಸ್ ಹಬ್ಬಕ್ಕೇ ಬನ್ನಿ ಎಂದರು. ಹಬ್ಬವೆಂದ ಕೂಡಲೇ ನಮ್ಮನೆಯವರ ಮುಖ ಸ್ವಲ್ಪ ಸಡಿಲವಾಯಿತು. ಅವರಿಗೆ ರಾಜಾಜಿನಗರದಲ್ಲಿ ಒಬ್ಬ ಕ್ರೈಸ್ತ ಸ್ನೇಹಿತರಿದ್ದಾರೆ. ಪ್ರತಿ ಡಿಸೆಂಬರಿನಲ್ಲಿ ಆ ಮನೆಯಿಂದ ಕೇಕು, ಜೊತೆಗೆ ಒಂದು ಡಬ್ಬಿ ಕೋಳಿ ಹುರಿದದ್ದು ಬರುತ್ತದೆ. ಆ ಒಂದು ಡಬ್ಬಿಯ ಆಧಾರದ ಮೇಲೆ ಅವರು ಇಡೀ ಯೂರೋಪಿನ ಹಬ್ಬದೂಟವನ್ನು ಕಲ್ಪಿಸಿಕೊಂಡರು.

"ಮೊದ್ಲು ಊಟ ಆಗ್ಲಿ. ಆಮೇಲೆ ಮದ್ವೆ ಬೇಡ ಅಂತ ಹೇಳಿದ್ರಾಯ್ತು," ಎಂದರು. ಕಾರ್ಯತಂತ್ರ ಅಷ್ಟೇ.

ವಾರ್ಸಾ ವಿಮಾನ ನಿಲ್ದಾಣ

ಗಸಗಸೆ ಪಾಯಸ ಮಾಡಿ ಬಡಿಸೋಣವೆಂದು ನಾನು ಗಸಗಸೆ ಕಟ್ಟಿಕೊಂಡಿದ್ದೆ. ನಾವು ವಿಮಾನ ಬದಲಿಸುವ ಕೊಲ್ಲಿ ದೇಶದಲ್ಲಿ ಗಸಗಸೆ ಸಿಕ್ಕರೆ ಜೈಲು ಎಂದು ಪಕ್ಕದ ಮನೆಯವರು ಹೆದರಿಸಿದ್ದರಿಂದ, ಕೊನೇ ಗಳಿಗೆಯಲ್ಲಿ ತೆಗೆದಿಟ್ಟು ಆ ಜಾಗಕ್ಕೆ ರಾಗಿ ಹಿಟ್ಟು ತುಂಬಿದೆ. ವಾರ್ಸಾದಲ್ಲಿ ಪೆಟ್ಟಿಗೆ ತೆರೆಸಿದ ಅಧಿಕಾರಿಣಿ ಆ ಕಂದು ಪುಡಿಯನ್ನು ನೋಡಿದ ರೀತಿಗೆ, ಗಸಗಸೆಯೇ ವಾಸಿಯಿತ್ತೇನೋ ಅನ್ನಿಸಿತು.

"ಫುಡ್," ಎಂದರು ನಮ್ಮನೆಯವರು. "ಮುದ್ದೆ."

ಆಕೆಗೆ ಅರ್ಥವಾಗಲಿಲ್ಲ. ಇವರು ಗಾಳಿಯಲ್ಲಿ ಉಂಡೆ ಕಟ್ಟಿದರು, ಗಾಳಿಯಲ್ಲೇ ಸಾರಿಗೆ ಅದ್ದಿದರು, ಬಾಯಿಗೆ ಹಾಕಿಕೊಂಡು ಗುಳುಕ್ಕೆಂದು ನುಂಗಿ ಹೊಟ್ಟೆ ತಟ್ಟಿ ತೋರಿಸಿದರು. ಅಗಿಯುವುದಿಲ್ಲವೇ ಎಂದು ಆಕೆ ಸನ್ನೆಯಲ್ಲಿ ಕೇಳಿದಳು. ಇಲ್ಲ ಎಂದು ಇವರು ತಲೆಯಾಡಿಸಿದರು. ಆಕೆ ಪಕ್ಕದವನನ್ನು ಕರೆದಳು. ಇವರು ಇನ್ನೊಂದು ಮುದ್ದೆ ನುಂಗಬೇಕಾಯಿತು. ಇಬ್ಬರೂ ನಕ್ಕು ನಮ್ಮನ್ನು ಬಿಟ್ಟರು. ಸಂಜೆಯೊಳಗೆ ಲೂಬ್ಲಿನ್ ಎಂಬ ಊರಿಗೆ ಹೋಗುವ ರೈಲಿನಲ್ಲಿ ಕೂತಿದ್ದೆವು. ಹೊರಗೆ ಹಿಮವಿರಲಿಲ್ಲ. ಬೂದು ಬಣ್ಣದ ಹೊಲಗಳು, ಬೂದು ಬಣ್ಣದ ಆಕಾಶ. ಅಷ್ಟು ದೂರ ಹೋಗಿ ಕೆಂಗೇರಿ ಆಚೆಯ ಜನವರಿ ಬೆಳಗ್ಗೆಯನ್ನೇ ನೋಡಿದಂತಾಯಿತು, ಕಾಫಿಯೊಂದು ಇಲ್ಲದೆ.

ಲೂಬ್ಲಿನ್, ಅಡುಗೆಮನೆ

ನಾವು ನೋಡಿದ ಪೋಲೆಂಡ್ ಎಂದರೆ ಮುಖ್ಯವಾಗಿ ಒಂದು ಅಡುಗೆಮನೆ, ಒಂದು ಬಚ್ಚಲು ಮತ್ತು ಒಂದು ಕಿಟಕಿ. ಲಿಫ್ಟಿಲ್ಲದ ಹಳೇ ಕಟ್ಟಡದ ನಾಲ್ಕನೇ ಮಹಡಿ. ಬಾಗಿಲಲ್ಲಿ ಮಾರೆಕ್ ನಿಂತಿದ್ದರು. ಎತ್ತರದ ಆಳು, ಬಿಳಿ ಗಡ್ಡ. "ಬನ್ನಿ ಸಾರ್, ಬನ್ನಿ ಮೇಡಂ. ಊಟ ಆಯ್ತಾ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ," ಎಂದರು. ಅವರ ಕನ್ನಡವನ್ನು ಜ್ಞಾನಭಾರತಿಯ ಹುಡುಗರೂ ಆಟೋದವರೂ ಸೇರಿ ಕಲಿಸಿದ್ದರು. ಅಲ್ಲಿಂದ ಮುಂದೆ ಯಾವುದೇ ತೊಂದರೆ ಬಂದರೂ ಅವರ ಬಾಯಲ್ಲಿ "ಸ್ವಲ್ಪ ಅಡ್ಜಸ್ಟ್ ಮಾಡಿ" ಎಂಬುದೇ ಬರುತ್ತಿತ್ತು.

ಶಾರದಕ್ಕ ಒಳಗಿಂದ ಓಡಿಬಂದರು. ಸ್ವೆಟರಿನ ಮೇಲೆ ಸ್ವೆಟರು, ಕೈತುಂಬ ಹಿಟ್ಟು. ತಮ್ಮನನ್ನು ನೋಡಿ, "ತೆಳ್ಳಗಾಗಿದೀಯ," ಎಂದರು. ನಮ್ಮನೆಯವರ ತೂಕ ತೊಂಬತ್ತು ಕಿಲೋ.

ಮನೆಯ ಯಜಮಾನಿ ಮಾರೆಕ್ ಅವರ ತಾಯಿ, ಎಂಬತ್ತು ದಾಟಿದ ಹೆಲೆನಾ. ಅಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವಾಗ ಹೆಸರಿನ ಮುಂದೆ 'ಪಾನಿ' ಸೇರಿಸುತ್ತಾರೆ, ನಮ್ಮ ಅಮ್ಮ, ಮೇಡಂ ಇದ್ದ ಹಾಗೆ. ನಮ್ಮನೆಯವರ ಅಂಗಡಿಗೆ ಬರುವ ಪ್ಲಂಬರುಗಳು ಮನೆಯಲ್ಲಿ ಉರ್ದು ಮಾತಾಡುವವರು. ಆದ್ದರಿಂದ ಯಾರಾದರೂ 'ಪಾನಿ ಹೆಲೆನಾ' ಎಂದಾಗಲೆಲ್ಲ ಇವರು ನೀರಿನ ಜಗ್ಗನ್ನು ಅಜ್ಜಿಯ ಕಡೆ ಸರಿಸುತ್ತಿದ್ದರು. ಮೊದಲೆರಡು ಸಲ ಅಜ್ಜಿ ಕುಡಿದರು. ಮೂರನೇ ಸಲ ಮಗನ ಕಡೆ ತಿರುಗಿ ಏನೋ ಕೇಳಿದರು. ಇಂಡಿಯಾದಲ್ಲಿ ಮುದುಕರಿಗೆ ಹೀಗೇ ನೀರು ಕುಡಿಸುತ್ತಾರಾ ಎಂದು ಕೇಳಿದ್ದಂತೆ.

ಮರುದಿನವೇ ಹಬ್ಬ, ಕ್ರಿಸ್‌ಮಸ್ಸಿನ ಹಿಂದಿನ ದಿನ. ಅವರಿಗೆ ದೊಡ್ಡ ಊಟ ಅಂದೇ. ಹನ್ನೆರಡು ಬಗೆ ಅಡುಗೆ ಆಗಲೇಬೇಕು, ಬಂದವರು ಹನ್ನೆರಡನ್ನೂ ರುಚಿ ನೋಡಲೇಬೇಕು. ಸಂಜೆ ಮೊದಲ ನಕ್ಷತ್ರ ಕಾಣುವ ತನಕ ಉಪವಾಸ. ಇದನ್ನೆಲ್ಲ ಶಾರದಕ್ಕ ಬೆಳಗ್ಗೆ ವಿವರಿಸುವಾಗ ನಮ್ಮನೆಯವರು ತಾಳ್ಮೆಯಿಂದ ಕೇಳಿ, "ಹನ್ನೆರಡರಲ್ಲಿ ಮಟನ್ ಎಷ್ಟು, ಚಿಕನ್ ಎಷ್ಟು?" ಎಂದರು.

"ಒಂದೂ ಇಲ್ಲ ಕಣೋ. ಇವತ್ತು ಇವರು ಮಾಂಸ ಮುಟ್ಟಲ್ಲ. ಮೀನು ಇದೆ."

"ಮೀನು ಮಾಂಸ ಅಲ್ವಾ?"

"ಇಲ್ಲಿ ಅಲ್ಲ."

ಇವರು ನನ್ನ ಮುಖ ನೋಡಿದರು. ನಾನು ಸಮಾಧಾನ ಹೇಳಿದೆ. "ಇವತ್ತು ಉಗಾದಿ ಅಂದ್ಕೊಳ್ರೀ. ನಾಳೆ ಹೊಸತೊಡಕು ಇದ್ದೇ ಇರುತ್ತೆ." ಉಗಾದಿಯ ದಿನ ಒಬ್ಬಟ್ಟು ತಿಂದು ಮರುದಿನ ಹೊಸತೊಡಕಿಗೆ ಮಟನ್ ಅಂಗಡಿ ಮುಂದೆ ಸಾಲು ನಿಲ್ಲುವ ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ಆದರೆ ಇವರು ವಿಮಾನ ಹತ್ತಿ ಉಗಾದಿಗೆ ಬಂದಿರಲಿಲ್ಲ.

ಅಡುಗೆಮನೆಯಲ್ಲಿ ನನಗೂ ಒಂದು ಮೂಲೆ ಸಿಕ್ಕಿತು. ಬೀಟ್‌ರೂಟ್ ಸಾರಿನಲ್ಲಿ ತೇಲಿಬಿಡುವ ಪುಟ್ಟ ಕಡುಬು ಮಾಡಬೇಕಿತ್ತು. ತೆಳ್ಳಗೆ ಲಟ್ಟಿಸಿದ ಮೈದಾ ಹಿಟ್ಟಿನ ಚೌಕ, ಒಳಗೆ ಕಾಡಿನ ಒಣ ಅಣಬೆಯ ಹೂರಣ, ತ್ರಿಕೋನಕ್ಕೆ ಮಡಚಿ ಎರಡು ಮೂಲೆಗಳನ್ನು ಬೆರಳ ಸುತ್ತ ಕೂಡಿಸಿದರೆ ಕಿವಿಯ ಆಕಾರ. ಅದರ ಹೆಸರೇ 'ಪುಟ್ಟ ಕಿವಿ'. ನಾನು ನಮ್ಮ ಬೀದಿಯಲ್ಲಿ ಕರ್ಜಿಕಾಯಿಗೆ ಹೆಸರಾದವಳು. ಅಂಚಿಗೆ ಚೆಂದವಾಗಿ ಜಡೆ ಹೆಣೆದು ಮುಂದಿಟ್ಟೆ. ಹೆಲೆನಾ ಅದನ್ನು ಬೆಳಕಿಗೆ ಹಿಡಿದು ನೋಡಿದರು, ಅಂಗೈಯಲ್ಲಿಟ್ಟು ಚಪ್ಪಟೆ ಮಾಡಿ ಹಿಟ್ಟಿನ ಮುದ್ದೆಗೆ ವಾಪಸ್ ಸೇರಿಸಿದರು.

"ಕಿವಿಗೆ ಜರಿ ಅಂಚು ಇರಲ್ಲ ಅಂತಾರೆ," ಎಂದರು ಶಾರದಕ್ಕ. "ಬೇಜಾರು ಮಾಡ್ಕೋಬೇಡ. ನಂದು ಮೊದಲನೇ ವಾರ ಪೂರ್ತಿ ಹಿಂಗೇ ಆಯ್ತು."

ಗಸಗಸೆಯಂತೂ ಆ ಮನೆಯಲ್ಲಿ ಕಿಲೋಗಟ್ಟಲೆ ಇತ್ತು. ಹಾಲಿನಲ್ಲಿ ನೆನೆಸಿ, ಮೇಜಿಗೆ ಬಿಗಿದ ಕೈಗಿರಣಿಯಲ್ಲಿ ಮೂರು ಸಲ ಅರೆದು, ಬೇಯಿಸಿದ ಗೋಧಿಗೆ ಜೇನುತುಪ್ಪದ ಜೊತೆ ಬೆರೆಸಿದರೆ ಅವರ ಪಾಯಸ. ಚಮಚ ನಿಲ್ಲುವಷ್ಟು ಗಟ್ಟಿ. ರುಚಿ ನೋಡಿದೆ. ಎಲ್ಲ ಇತ್ತು, ಏಲಕ್ಕಿ ಒಂದು ಇರಲಿಲ್ಲ. ಪಾಪ, ಗೊತ್ತಿಲ್ಲದವರು ಎಂದುಕೊಂಡು, ಅಜ್ಜಿ ಆಚೆ ಹೋದಾಗ ನನ್ನ ಚೀಲದಿಂದ ಏಲಕ್ಕಿ ತೆಗೆದು ಕುಟ್ಟಿ ಹಾಕಿಬಿಟ್ಟೆ. ಸಾವಿರ ವರ್ಷದ ತಪ್ಪನ್ನು ತಿದ್ದಿದ ಹೆಮ್ಮೆಯಾಯಿತು.

ಕಿವಿ ಮಡಚುತ್ತ ಕೂತಾಗ ನಾನು ಮೆಲ್ಲಗೆ ಬಂದ ಕೆಲಸಕ್ಕೆ ಇಳಿದೆ. "ಅಕ್ಕ, ಮದ್ವೆ ಯಾವಾಗ ಅಂತ ಅನ್ಕೊಂಡಿದೀರ?"

ಶಾರದಕ್ಕ ತಲೆ ಎತ್ತಿದರು. "ಯಾರ ಮದ್ವೆ?"

"ನಿಮ್ದು."

"ಮದ್ವೆ ಅಂತ ಯಾರಂದ್ರು? ಇಲ್ಲಿ ಇರ್ತೀನಿ ಅಂದೆ. ಒಂದು ಸಲ ಆಗಿದೀನಲ್ಲ ಮಂಜು, ಸಾಕು."

ನನ್ನ ಕೈಯಲ್ಲಿದ್ದ ಕಿವಿ ಬಿರಿದು ಅಣಬೆ ಹೊರಬಂತು.

"ನೋಡು," ಎಂದರು ಅವರು, ದನಿ ತಗ್ಗಿಸಿ, ಅಡುಗೆಮನೆಯಲ್ಲಿ ಕನ್ನಡ ಬರುವವರು ಬೇರಾರೂ ಇಲ್ಲದಿದ್ದರೂ. "ನಿಮ್ಮ ಭಾವ ಇದ್ದಾಗ ನಾನು ಅವರ ಹೆಂಡ್ತಿ. ಹೋದ್ಮೇಲೆ ಅವರ ವಿಧವೆ. ಇಷ್ಟು ವರ್ಷ ಮದ್ವೆಮನೆಗಳಲ್ಲಿ ನನ್ನ ಎಬ್ಬಿಸಿ ಹಿಂದಿನ ಸಾಲಲ್ಲಿ ಕೂರಿಸ್ತಿದ್ರು, ನೀನೇ ನೋಡಿದೀಯ. ಇಲ್ಲಿ ನಾನು ಶಾರದ, ಅಷ್ಟೇ. ಬೆಳಗ್ಗೆ ಎದ್ದು ಇಬ್ರೂ ಕಾಡಿಗೆ ಹೋಗ್ತೀವಿ. ಅವರು ಅಣಬೆ ನೋಡ್ತಾರೆ, ನಾನು ಪಾಚಿ ನೋಡ್ತೀನಿ. ಇದಕ್ಕೆ ಮತ್ತೆ ಹೆಸರಿಡೋಕೆ ನಂಗಿಷ್ಟ ಇಲ್ಲ."

ಆ ಹಿಂದಿನ ಸಾಲು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಹೊಸ ಸೊಸೆಯಾಗಿ ಬಂದಾಗ ನನಗೆ ಸ್ಕೂಟರ್ ಕಲಿಸಿದ್ದು ಇದೇ ಶಾರದಕ್ಕ. ಹಿಂದಿನ ಸಾಲಿನಲ್ಲಿ ಕೂರುವ ಜೀವವಾಗಿರಲಿಲ್ಲ ಅದು.

ಬಚ್ಚಲು

ಇತ್ತ ನಮ್ಮನೆಯವರಿಗೆ ತಲೆ ಸ್ನಾನ ಆಗಬೇಕಿತ್ತು. ಹಬ್ಬ ಯಾರದಾದರೇನು, ಸ್ನಾನವಿಲ್ಲದೆ ಊಟಕ್ಕೆ ಕೂರುವವರಲ್ಲ. ಬಚ್ಚಲ ಬಾಗಿಲು ತೆರೆದವರು ಹಾಗೇ ನಿಂತರು. ಟಬ್ಬಿನ ತುಂಬ ತಣ್ಣೀರು, ನೀರಿನಲ್ಲಿ ಮೊಳಕೈ ಉದ್ದದ ಒಂದು ಜೀವಂತ ಮೀನು.

ಹಬ್ಬದ ಗೆಂಡೆಮೀನನ್ನು ಒಂದೆರಡು ದಿನ ಮುಂಚೆ ತಂದು ಟಬ್ಬಿನಲ್ಲಿ ಬಿಡುವುದು ಹಳೆಯ ರೂಢಿ, ಈಗ ಬಹಳ ಜನ ಬಿಟ್ಟಿದ್ದಾರೆ, ತಮ್ಮ ತಾಯಿ ಬಿಟ್ಟಿಲ್ಲ ಎಂದು ಮಾರೆಕ್ ವಿವರಿಸಿ, "ಸ್ವಲ್ಪ ಅಡ್ಜಸ್ಟ್ ಮಾಡಿ ಸಾರ್," ಎಂದರು.

"ಟಬ್ಬು ಮಾರ್ತಾ ಇಪ್ಪತ್ತು ವರ್ಷ ಆಯ್ತು," ಎಂದು ಇವರು ನನ್ನ ಹತ್ತಿರ ಗೊಣಗಿದರು. "ನಮ್ಮ ಕಡೆ ಯಾರೂ ಇದರಲ್ಲಿ ಸ್ನಾನ ಮಾಡಲ್ಲ, ಬಟ್ಟೆ ನೆನೆಹಾಕ್ತಾರೆ. ಮೀನು ಸಾಕೋಕೆ ಅಂತ ಗೊತ್ತಿದ್ದಿದ್ರೆ ಇನ್ನೂ ನಾಲ್ಕು ಮಾರ್ತಿದ್ದೆ."

ಆದರೂ ಹಟ ಬಿಡಲಿಲ್ಲ. ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಮೀನನ್ನು ಬಕೆಟ್ಟಿಗೆ ವರ್ಗಾಯಿಸಿ, ಸ್ನಾನ ಮುಗಿಸಿ, ಮತ್ತೆ ಟಬ್ಬಿಗೆ ಬಿಡುವುದು ಅವರ ಯೋಜನೆ. ಮೀನಿಗೆ ಅದನ್ನು ಯಾರೂ ತಿಳಿಸಿರಲಿಲ್ಲ. ಮೊದಲು ದಬ್ಬೆಂದು ಸದ್ದಾಯಿತು. ಆಮೇಲೆ ಬಕೆಟ್ ಉರುಳಿದ ಸದ್ದು. ಆಮೇಲೆ, "ಮಂಜೂ, ಯಾರನ್ನಾದ್ರೂ ಕಳ್ಸೇ," ಎಂಬ ದನಿ.

ಚಿಲಕ ತೆಗೆದಾಗ ನಮ್ಮನೆಯವರು ಟವೆಲಿನಲ್ಲಿ ನೆಲದ ಮೇಲೆ ಕೂತಿದ್ದರು. ಮೀನು ಬಟ್ಟೆ ಒಗೆಯುವ ಯಂತ್ರದ ಕೆಳಗೆ ಸೇರಿಕೊಂಡು ಬಾಲ ಬಡಿಯುತ್ತಿತ್ತು. ಮಾರೆಕ್ ಒಂದು ಕ್ಷಣವೂ ಯೋಚಿಸದೆ ಪಕ್ಕದಲ್ಲೇ ಮಂಡಿಯೂರಿದರು. ಒಬ್ಬರು ಯಂತ್ರ ಎತ್ತುವುದು, ಇನ್ನೊಬ್ಬರು ಕೈ ಹಾಕುವುದು. ಮೀನು ಇವರ ಕೈಯಿಂದ ಅವರ ಕೈಗೆ, ಅವರ ಕೈಯಿಂದ ಕಮೋಡಿನ ಹಿಂದಕ್ಕೆ. ಆ ಗಡಿಬಿಡಿಯಲ್ಲಿ ಮಾರೆಕ್ ಬಾಯಿಂದ ಸಾರ್ ಬಿಟ್ಟುಹೋಗಿ, ಜ್ಞಾನಭಾರತಿಯ ಹುಡುಗರು ಕಲಿಸಿದ ಕನ್ನಡವೇ ಬಂತು.

"ಹಿಡ್ಕೋ ಮಗಾ, ಹಿಡ್ಕೋ. ಆ ಕಡೆ ಬಿಡ್ಬೇಡ."

"ಹಿಡ್ದೆ ಗುರು, ನೀನು ಬಕೆಟ್ ತಗೊಂಬಾ," ಎಂದರು ನಮ್ಮನೆಯವರು, ಅಕ್ಕನನ್ನು ಕಸಿದುಕೊಂಡ ಶತ್ರುವಿಗೆ.

ಬಾಗಿಲಲ್ಲಿ ನಿಂತಿದ್ದ ಶಾರದಕ್ಕ ಗೋಡೆ ಹಿಡಿದುಕೊಂಡು ನಗುತ್ತಿದ್ದರು. ನಿಲ್ಲಿಸಲು ನೋಡಿದರು, ಆಗಲಿಲ್ಲ. ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ನಮ್ಮನೆಯವರು ಮೀನನ್ನು ಎದೆಗವಚಿಕೊಂಡು ಅಕ್ಕನ ಕಡೆ ನೋಡುತ್ತಲೇ ಇದ್ದರು, ಅವಮಾನವಾದವರ ಹಾಗೆ ಅಲ್ಲ.

ಹೆಲೆನಾ ಬಂದು ಮೂವರನ್ನೂ ಒಮ್ಮೆ ನೋಡಿ, ಮೀನನ್ನು ಇಸಿದುಕೊಂಡು ಅಡುಗೆಮನೆಗೆ ಹೋದರು. ಬಾಗಿಲು ಮುಚ್ಚಿತು, ಮರದ ಸುತ್ತಿಗೆಯ ಒಂದೇ ಏಟು ಕೇಳಿಸಿತು. ಭಾನುವಾರ ಕೋಳಿ ಕೊಯ್ಯುವ ನಮ್ಮತ್ತೆಯದೂ ಅದೇ ಕೈ.

ಕಿಟಕಿ

ಅಲ್ಲಿ ಮೂರೂವರೆಗೆಲ್ಲ ಸಂಜೆಯಾಗುತ್ತದೆ. ಎಲ್ಲರೂ ಕಿಟಕಿಯ ಹತ್ತಿರ ನಕ್ಷತ್ರಕ್ಕಾಗಿ ಕಾಯುತ್ತ ನಿಂತೆವು. ಸಂಕಷ್ಟಿಯ ದಿನ ಚಂದ್ರನಿಗೆ ಕಾಯುವ ಪಾಡೇ ಅದು. ಆದರೆ ನಾವು ಬುದ್ಧಿವಂತರು. ಚಂದ್ರ ಕಾಣದಿದ್ದರೆ ಕ್ಯಾಲೆಂಡರಿನಲ್ಲಿ ಸಮಯ ನೋಡಿ ಊಟ ಮಾಡುತ್ತೇವೆ. ಹೆಲೆನಾ ಅವರಲ್ಲಿ ಅಂಥ ಸೌಲಭ್ಯವಿಲ್ಲ. ನಕ್ಷತ್ರ ಕಣ್ಣಿಗೆ ಕಾಣಬೇಕು. ಆಕಾಶದಲ್ಲಿ ಬರೀ ಮೋಡ.

ಕಾಯುವಾಗ ನಾನು ನಮ್ಮನೆಯವರ ಕಿವಿಯಲ್ಲಿ ಹೇಳಿದೆ. "ಕೆಲಸ ಸುಲಭ ಆಯ್ತು ಕಣ್ರೀ. ಶಾರದಕ್ಕ ಮದ್ವೆ ಆಗಲ್ವಂತೆ."

"ಹಾಂ?"

"ಮದ್ವೆ ಬೇಡ್ವಂತೆ. ಸುಮ್ನೆ ಇಲ್ಲೇ ಇರ್ತಾರಂತೆ."

ಹಗುರಾಗಬೇಕಿತ್ತು ಮುಖ. ಅದರ ಬದಲು ಕೆಂಪಾಯಿತು. "ಬೇಡ್ವಾ? ಯಾಕೆ ಬೇಡ್ವಂತೆ? ಏನ್ ಕಮ್ಮಿಯಾಗಿದೆ ಅವರಿಗೆ? ಒಳ್ಳೆ ಮನುಷ್ಯ. ಓದಿದಾರೆ. ಮೀನು ಹಿಡಿಯೋಕೆ ಬಂದ್ರಲ್ಲ, ನಮ್ಮ ಭಾವ ಇದ್ದಿದ್ರೆ ಬರ್ತಿದ್ರಾ?"

"ನೀವು ಬಂದಿದ್ದು ಮದ್ವೆ ಬೇಡ ಅನ್ನೋಕೆ."

"ಅದು ಬೇರೆ. ನಾನು ಬೇಡ ಅನ್ನೋದಕ್ಕೂ ಅವಳೇ ಬೇಡ ಅನ್ನೋದಕ್ಕೂ ವ್ಯತ್ಯಾಸ ಇಲ್ವಾ?"

ಹಸಿದ ಹೊಟ್ಟೆಯ ಗಂಡಸಿನ ಹತ್ತಿರ ತರ್ಕ ಮಾಡಬಾರದೆಂದು ಸುಮ್ಮನಾದೆ. ಇವರು ಕಿಟಕಿಗೆ ಮೂಗು ಒತ್ತಿ ನಿಂತರು. ತುಸು ಹೊತ್ತಿಗೆ, "ಅಗೋ, ಸ್ಟಾರ್," ಎಂದು ಬೆರಳು ತೋರಿಸಿದರು. ಮೋಡದ ಅಂಚಿನಲ್ಲಿ ಒಂದು ಕೆಂಪು ಚುಕ್ಕಿ ಮಿಣುಕುತ್ತ ನಿಧಾನವಾಗಿ ಬಲಕ್ಕೆ ಚಲಿಸುತ್ತಿತ್ತು. ವಿಮಾನ. ಮಾರೆಕ್ ಕೆಮ್ಮಿದರು. ಹೆಲೆನಾ ಕನ್ನಡಕ ಏರಿಸಿ ಆ ವಿಮಾನವನ್ನು ನೋಡಿದರು, ನಮ್ಮನೆಯವರ ಮುಖ ನೋಡಿದರು, ಗಡಿಯಾರ ನೋಡಿದರು. ಆಮೇಲೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ನಕ್ಷತ್ರ ಬಂತು, ಎಲ್ಲರೂ ನಡೆಯಿರಿ ಎಂದರು.

ಮೇಜು

ಬಿಳಿ ಮೇಜುಬಟ್ಟೆಯ ಕೆಳಗೆ ಒಣಹುಲ್ಲು ಹರಡಿದ್ದರು. ಐದು ಜನರಿಗೆ ಆರು ತಟ್ಟೆ. ಆರನೆಯದು ಹೇಳದೆ ಕೇಳದೆ ಬರುವ ಅತಿಥಿಗೆ. ನಮ್ಮಲ್ಲಿ ಹೇಳದೆ ಬರುವವರಿಗೆ ತಟ್ಟೆ ಮೊದಲೇ ಇಟ್ಟರೆ ಬೀದಿಯವರೆಗೆ ಮೇಜು ಹಾಕಬೇಕಾದೀತು.

ಕೂರುವ ಮುಂಚೆ ಒಂದು ಶಾಸ್ತ್ರ. ಕಾಗದದಷ್ಟು ತೆಳ್ಳಗಿನ, ರುಚಿಯೇ ಇಲ್ಲದ ಬಿಳಿ ಹಪ್ಪಳವನ್ನು ಪ್ರತಿಯೊಬ್ಬರ ಕೈಗೂ ಕೊಡುತ್ತಾರೆ. ಒಬ್ಬೊಬ್ಬರೂ ಇನ್ನೊಬ್ಬರ ಎದುರು ನಿಂತು, ಅವರ ಹಪ್ಪಳದಿಂದ ಚೂರು ಮುರಿದು ತಿಂದು, ಅವರಿಗೆ ಮನಸ್ಸಿನಿಂದ ಒಳ್ಳೆಯದನ್ನು ಹಾರೈಸಬೇಕು. ಮುಖ ನೋಡಿ, ಬಾಯಿಬಿಟ್ಟು. ಸಂಕ್ರಾಂತಿಗೆ ನಾವೂ ಎಳ್ಳು ಬೀರಿ ಒಳ್ಳೆ ಮಾತಾಡಿ ಎನ್ನುತ್ತೇವೆ. ಹೇಳಿ ಮುಂದಿನ ಮನೆಗೆ ಓಡುತ್ತೇವೆ, ಮಾತಾಡುವ ಅಪಾಯವೇ ಇಲ್ಲ.

ಹೆಲೆನಾ ಮೊದಲು ನಮ್ಮನೆಯವರ ಎದುರು ಬಂದು ನಿಂತರು. ಉದ್ದಕ್ಕೆ ಏನೋ ಹೇಳಿದರು. ಮಾರೆಕ್ ನೆಲ ನೋಡುತ್ತ ಅನುವಾದಿಸಿದರು, ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ. ನಿನ್ನ ಅಕ್ಕ ಒಳ್ಳೆಯವಳು. ಆದರೆ ಒಂದೇ ಮನೆಯಲ್ಲಿ, ಮದುವೆಯಿಲ್ಲದೆ ಇರುತ್ತಾರಂತೆ. ಮೆಟ್ಟಿಲಲ್ಲಿ ಸಿಕ್ಕವರೆಲ್ಲ ನನ್ನನ್ನು ಕೇಳುತ್ತಾರೆ. ಚರ್ಚಿನಲ್ಲಿ ತಿರುಗಿ ನೋಡುತ್ತಾರೆ. ಮಗ ನನ್ನ ಮಾತು ಕೇಳುವುದಿಲ್ಲ. ನೀನು ತಮ್ಮ, ನೀನಾದರೂ ಹೇಳು. ನಿನಗೆ ಆ ಧೈರ್ಯ ಬರಲಿ ಎಂದು ಹಾರೈಸುತ್ತೇನೆ.

ಜನ ಏನಂತಾರೆ ಎಂಬುದಕ್ಕೆ ಪೋಲಿಷ್ ಭಾಷೆಯಲ್ಲಿ ಏನನ್ನುತ್ತಾರೋ ನನಗೆ ತಿಳಿಯದು. ಅದನ್ನು ಹೇಳುವಾಗಿನ ಮುಖ ಮಾತ್ರ ಲೂಬ್ಲಿನ್ನಿನಲ್ಲೂ ವಿಜಯನಗರದಲ್ಲೂ ಒಂದೇ. ನಮ್ಮನೆಯವರು ಆ ಅಜ್ಜಿಯನ್ನು ಕಳೆದುಹೋಗಿದ್ದ ಸ್ವಂತ ಚಿಕ್ಕಮ್ಮ ಸಿಕ್ಕ ಹಾಗೆ ನೋಡಿದರು.

ಆಮೇಲೆ ಅಕ್ಕ ತಮ್ಮ ಎದುರಾದರು. ಇವರು ಹಪ್ಪಳವನ್ನು ಎರಡು ಕೈಯಲ್ಲಿ ಹಿಡಿದು ನಿಂತರು. ನನಗೆ ತಿಳಿದಂತೆ ಆ ಅಕ್ಕ ತಮ್ಮ ಎದುರೆದುರು ನಿಂತು ಮಾತಾಡಿದ್ದೇ ಇಲ್ಲ. ಏನಿದ್ದರೂ ಅಮ್ಮನ ಮೂಲಕ, ಇಲ್ಲವೇ ನನ್ನ ಮೂಲಕ. ಶಾರದಕ್ಕ ಕಾದರು.

"ಮದ್ವೆ ಮಾಡ್ಕೋ ಅಕ್ಕ," ಎಂದರು ಇವರು.

"ನೀನು ಬಂದಿದ್ದು ಬೇಡ ಅನ್ನೋಕಲ್ವೇನೋ? ಮಂಜು ಕೇಳಿದಾಗ್ಲೇ ಗೊತ್ತಾಯ್ತು," ಎಂದು ಶಾರದಕ್ಕ ನಕ್ಕರು.

"ಹೂಂ."

"ಮತ್ತೆ?"

"ಗೊತ್ತಿಲ್ಲ ಕಣಕ್ಕ. ಇಷ್ಟು ದೂರ ಇರ್ತೀಯ. ನಾಳೆ ಏನಾದ್ರೂ ಅಂದ್ರೆ ನಿನ್ನ ಕಡೆ ಒಂದು ಗಟ್ಟಿ ಆಧಾರ ಇರ್ಲಿ ಅಂತ. ಒಂದು ಕಾಗದ, ಒಂದು ಸಹಿ. ಯಾರೂ ನಿನ್ನ ಎದ್ದೇಳು ಅನ್ನಬಾರ್ದು."

ಶಾರದಕ್ಕನ ನಗು ಅರ್ಧಕ್ಕೆ ನಿಂತಿತು. ತಮ್ಮನ ಹಪ್ಪಳದಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು.

"ಯಾರೂ ಅನ್ನಲ್ಲ ನಾಗ. ಅಂದ್ರೂ ನಾನು ಏಳಲ್ಲ. ನನಗೇನೂ ಹಾರೈಸಬೇಡ ಅಂತಲ್ಲ, ಆದ್ರೆ ಇದನ್ನ ಬಿಟ್ಟು ಬೇರೆ ಏನಾದ್ರೂ ಹಾರೈಸು."

ಇವರು ಬಹಳ ಹೊತ್ತು ಯೋಚಿಸಿ, "ಚಳಿಗೆ ಹುಷಾರು," ಎಂದರು. ಶಾರದಕ್ಕ ತಮ್ಮನ ಕೆನ್ನೆ ಮುಟ್ಟಿದರು. ಇಬ್ಬರೂ ಬೇಗ ಬೇಗ ಕುರ್ಚಿ ಹುಡುಕಿಕೊಂಡರು.

ಊಟ ಶುರುವಾಯಿತು. ಮೊದಲು ಬೀಟ್‌ರೂಟ್ ಸಾರು. ಪಲ್ಯ ಮಾಡುವಾಗ ನಾವು ಚೆಲ್ಲುವ ಕೆಂಪು ನೀರನ್ನು ಅವರು ವಾರಗಟ್ಟಲೆ ಹುಳಿ ಬರಿಸಿ, ಕುದಿಸಿ, ಹಬ್ಬಕ್ಕೆ ಬಡಿಸುತ್ತಾರೆ. ಹೇಳಲು ಹೊಟ್ಟೆಯುರಿಯಾದರೂ ಹೇಳುತ್ತೇನೆ, ಚೆನ್ನಾಗಿತ್ತು. ಎರಡನೆಯದು ಎಣ್ಣೆಯಲ್ಲಿ ಈರುಳ್ಳಿಯೊಂದಿಗೆ ನೆನೆಸಿದ ಹಸಿ ಮೀನು. ನಮ್ಮನೆಯವರು ಮುದ್ದೆಯ ಅನುಭವ ಬಳಸಿ ಅಗಿಯದೆ ನುಂಗಿದರು. ಆಮೇಲೆ ಕೋಸಿನ ಕಡುಬು, ಬಟಾಣಿ ಹಾಕಿದ ಕೋಸು, ಅಣಬೆ ಹಾಕಿದ ಕೋಸು. ಪ್ರತಿ ಪಾತ್ರೆಯ ಮುಚ್ಚಳ ತೆಗೆದಾಗಲೂ ಇವರು ಕತ್ತು ಚಾಚುತ್ತಿದ್ದರು, ಪ್ರತಿ ಸಲವೂ ಕೋಸು ಇವರನ್ನು ಎದುರುಗೊಳ್ಳುತ್ತಿತ್ತು. ಕುಡಿಯಲು ಹೊಗೆಯಲ್ಲಿ ಒಣಗಿಸಿದ ಹಣ್ಣುಗಳ ಕಷಾಯ. ಸೌದೆ ಒಲೆಯನ್ನೇ ನೀರಿನಲ್ಲಿ ಅದ್ದಿ ತೆಗೆದಂತಿತ್ತು.

ಗೆಂಡೆಮೀನು ಹೊಂಬಣ್ಣಕ್ಕೆ ಹುರಿದು ಬಂತು. ಎಲ್ಲರೂ ಹಾಕಿಕೊಂಡರು. ಇವರು ತಟ್ಟೆ ನೋಡುತ್ತ ಕೂತರು.

"ತಿನ್ನಲ್ವಾ ಮಗಾ?" ಎಂದರು ಮಾರೆಕ್. ಅಷ್ಟು ಹೊತ್ತಿಗೆ ಸಾರ್ ಶಾಶ್ವತವಾಗಿ ಹೋಗಿತ್ತು.

"ಪರಿಚಯ ಇದೆ," ಎಂದರು ಇವರು.

ಕೊನೆಗೆ ಬಂತು ಗೋಧಿ, ಗಸಗಸೆಯ ಪಾಯಸ. ಹೆಲೆನಾ ಒಂದು ಚಮಚ ಬಾಯಿಗಿಟ್ಟವರು ಹಾಗೇ ತಡೆದರು. ಇನ್ನೊಂದು ಸಲ ರುಚಿ ನೋಡಿದರು. ಮೇಜಿನ ಸುತ್ತ ಕಣ್ಣಾಡಿಸಿ ನನ್ನ ಮೇಲೆ ನಿಲ್ಲಿಸಿದರು. ಯಾರೋ ಇದಕ್ಕೆ ಸೆಂಟು ಹಾಕಿದ್ದಾರೆ ಎಂದರಂತೆ. ನಾನು ಪೋಲೆಂಡಿನ ಗೋಡೆಯ ಮೇಲಿನ ಪಟಗಳನ್ನು ಬಹಳ ಆಸಕ್ತಿಯಿಂದ ನೋಡಿದೆ. ಅಜ್ಜಿ ತಮ್ಮ ಬಟ್ಟಲಲ್ಲಿದ್ದ ಪಾಯಸವನ್ನೆಲ್ಲ ಆರನೇ ತಟ್ಟೆಗೆ ಸುರಿದರು. ಹೇಳದೆ ಬರುವವನು ಬಂದರೆ ಇದನ್ನೇ ತಿನ್ನಲಿ, ಮುಂದಿನ ವರ್ಷ ಹೇಳಿ ಬರುತ್ತಾನೆ ಎಂದರು.

ನಾನು ಮಾತ್ರ ಎರಡು ಸಲ ಹಾಕಿಸಿಕೊಂಡೆ. ಮರುದಿನ ಮಧ್ಯಾಹ್ನ ಕೋಸಿನ ಜೊತೆ ಮೂರು ಬಗೆಯ ಮಾಂಸ ಬೆಂದು ಬಂದಾಗ ನಮ್ಮನೆಯವರು ಯಾರ ಹತ್ತಿರವೂ ಮಾತಾಡಲಿಲ್ಲ.

ಆರ್‌ಪಿಸಿ ಲೇಔಟ್

ವಿಜಯನಗರದ ಈ ಬಡಾವಣೆಯ ನಮ್ಮ ಮನೆಗೆ ಬಂದಾಗ ಬೆಳಗ್ಗೆ. ನಮ್ಮತ್ತೆ ಸ್ನಾನ ಮುಗಿಸಿ ಹಾಲ್‌ನಲ್ಲಿ ಕಾಯುತ್ತ ಕೂತಿದ್ದರು. ಪೆಟ್ಟಿಗೆ ಒಳಗೆ ತರುವ ಮುಂಚೆಯೇ ವಿಚಾರಣೆ ಶುರುವಾಯಿತು.

"ಮದ್ವೆ ನಿಲ್ಸಿದ್ಯಾ?"

"ಮದ್ವೆ ಇಲ್ಲಮ್ಮ."

"ಸದ್ಯ. ಮತ್ತೆ ಅವಳೆಲ್ಲಿ?"

"ಅಲ್ಲೇ."

"ಅಲ್ಲೇ ಅಂದ್ರೆ?"

"ಅಲ್ಲೇ ಇರ್ತಾಳಂತೆ. ಅವರ ಮನೇಲಿ. ಮದ್ವೆ ಆಗ್ದಲೇ." ಇವರು ಚಪ್ಪಲಿ ಬಿಡುತ್ತ ಬಾಗಿಲಲ್ಲೇ ನಿಂತಿದ್ದರು. "ಮಾಡ್ಕೋ ಅಂತ ನಾನೂ ಹೇಳ್ದೆ. ಅವರಮ್ಮನೂ ಹೇಳಿದ್ರು. ಕೇಳ್ಲಿಲ್ಲ."

ನಾನು ಗುಡುಗಿಗೆ ಕಾದೆ. ಗೌಡರ ಮನೆ, ಊರು, ಮರ್ಯಾದೆ, ಎಲ್ಲವೂ ಸಾಲಾಗಿ ಬರಬೇಕಿತ್ತು. ನಮ್ಮತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದರು.

"ಹೊತ್ತೊತ್ತಿಗೆ ಉಣ್ತಾಳಾ?"

"ಉಣ್ತಾಳಮ್ಮ."

"ಆ ಮುದುಕಿ ಹೆಂಗೆ?"

"ನಿನ್ನ ಹಂಗೇ."

ನಮ್ಮತ್ತೆ ಅದನ್ನು ಹೊಗಳಿಕೆಯೋ ತೆಗಳಿಕೆಯೋ ಎಂದು ಸ್ವಲ್ಪ ಹೊತ್ತು ತೂಗಿದರು. ಆಮೇಲೆ ಬೇರೆ ದನಿಯಲ್ಲಿ ಕೇಳಿದರು. "ನಗ್ತಾಳೇನೋ?"

ನಮ್ಮನೆಯವರು ಒಳಗೆ ಬಂದು ತಾಯಿಯ ಪಕ್ಕದಲ್ಲಿ ಕೂತರು. "ನಗ್ತಾಳಮ್ಮ. ಗೋಡೆ ಹಿಡ್ಕೊಂಡು ನಗ್ತಾಳೆ. ಜಾಸ್ತಿ ನನ್ನ ನೋಡೇ ನಕ್ಳು."

ಕೆಳಗೆ ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ನಾನು ಕಾಫಿಗೆಂದು ಏಳುವಷ್ಟರಲ್ಲಿ ನಮ್ಮತ್ತೆ ಮಗನ ತೋಳು ತಟ್ಟಿದರು.

"ನಂಗೂ ಒಂದು ಪಾಸ್‌ಪೋರ್ಟ್ ಮಾಡ್ಸು."

"ಯಾಕಮ್ಮ, ನೀನೇ ಹೋಗಿ ಕರ್ಕೊಂಡು ಬರೋಕಾ?"

"ಅಲ್ಲ ಕಣೋ," ಎಂದರು ನಮ್ಮತ್ತೆ. "ಅವಳು ನಗೋದು ನೋಡಿ ಬಾಳ ದಿನ ಆಯ್ತು."